ಅದೇ ಐದು ಪದಗಳು

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಗಾಲಿಕುರ್ಚಿಯಲ್ಲಿ ಕೂತವನ ಮುಖ ಕಂಡದ್ದೇ ತಡ, ಅಕ್ಯುಪಂಕ್ಚರ್ ವೈದ್ಯೆಯ ಕೈಯಲ್ಲಿದ್ದ ಸೂಜಿಗಳ ತಟ್ಟೆ ಗಲ್ಲೆಂದಿತು.

ಅವನೇ!

ಮೂರು ವರ್ಷದ ಹಿಂದೆ, ಅವಳು ತನ್ನ ಚಿಕಿತ್ಸೆಯ ಫಲಿತಾಂಶ ಮಂಡಿಸಿದ ಸಭೆಯಲ್ಲಿ, ಇನ್ನೂರು ವೈದ್ಯರೆದುರು ಎದ್ದು ನಿಂತು, "ಈ ಅಂಕಿಗಳು ತಪ್ಪು" ಎಂದಿದ್ದ ನರರೋಗ ತಜ್ಞ. ಆಗ ಅವಳನ್ನು ಮದುವೆಯಾಗಬೇಕಿದ್ದವನು.

ತಪ್ಪು ನಿಜವೇ. ಪಾರ್ಶ್ವವಾಯು ರೋಗಿಗಳ ನೆನಪು ಅಳೆಯಲು ಐದು ಪದ ಹೇಳಿ, ಹತ್ತು ನಿಮಿಷದ ಬಳಿಕ ಕೇಳುತ್ತಾರೆ; ಲೆಕ್ಕ, ಚಿತ್ರಗಳ ಪ್ರಶ್ನೆಗಳೂ ಸೇರಿ ಒಟ್ಟು ಮೂವತ್ತು ಅಂಕ. ಪ್ರತಿ ಸಲವೂ ಪ್ರಶ್ನೆಗಳ ಹಾಳೆ ಬದಲಾಗಬೇಕು. ಅವಳು ಬದಲಿಸಿರಲಿಲ್ಲ. ರೋಗಿಗಳಿಗೆ ಪದಗಳೂ ಉತ್ತರಗಳೂ ಬಾಯಿಪಾಠವಾಗಿದ್ದವು, ಅಂಕ ಏರಿತ್ತು. ಆದರೆ ಅದನ್ನು ಅವಳೊಬ್ಬಳಿಗೇ ಹೇಳಬಹುದಿತ್ತಲ್ಲ? ಅವಳ ಕೆಲಸ ಹೋಯಿತು. ಉಂಗುರವನ್ನು ಅವಳೇ ಅಂಚೆಯಲ್ಲಿ ಹಿಂದಿರುಗಿಸಿದಳು.

"ನಾನೇ ಕರ್ಕೊಂಡು ಬಂದೆ. ಬೈಯೋದಿದ್ರೆ ನನ್ನ ಬೈ," ಎಂದಳು ಅವನ ಅಕ್ಕ. "ಸ್ಟ್ರೋಕ್ ಆದ್ಮೇಲೆ ನೆನಪೇ ನಿಲ್ತಿಲ್ಲ ಕಣೇ."

"ನಮಸ್ಕಾರ ಡಾಕ್ಟ್ರೇ," ಎಂದ ಅವನು, ಅಪರಿಚಿತಳಿಗೆ ಹೇಳುವಂತೆ.

ಮೊದಲ ಪರೀಕ್ಷೆ: ಮೂವತ್ತಕ್ಕೆ ಹದಿನಾಲ್ಕು.

'ಬಾ ದೊರೆ... ಈಗ ನಿನ್ನದೇ ಪರೀಕ್ಷೆಯ ಸುಳ್ಳು ಅಂಕಿಗೆ ನೀನೂ ಸಹಿ ಹಾಕು, ರೋಗಿಯಾಗಿ. ಅದೇ ಸಭೆಯಲ್ಲಿ ಎದ್ದು ನಿಂತು ಓದ್ತೀನಿ!'

ಆರು ವಾರ ನೆತ್ತಿಗೆ, ಮಣಿಕಟ್ಟಿಗೆ ಸೂಜಿ. ಮೂಗಿನ ಬಳಿ, ನೆನಪಿಗೆ ಒಳ್ಳೆಯದೆನ್ನುವ ರೋಸ್ಮರಿ ಗಿಡದ ಘಾಟು ಎಣ್ಣೆ ಅದ್ದಿದ ಹತ್ತಿ. ಸೂಜಿಯಲ್ಲಿ ಮೋಸ ಮಾಡಲು ಕೈ ಒಪ್ಪಲಿಲ್ಲ. ಮೋಸವೆಲ್ಲ ಹಾಳೆಯಲ್ಲಿತ್ತು: ಪ್ರತಿ ವಾರ ಅದೇ ಪ್ರಶ್ನೆ, ಅದೇ ಐದು ಪದ.

"ಏನ್ ವಾಸನೆ ಇದು? ಏನಾದ್ರೂ ಸತ್ತಿದೆಯಾ?"

"ನಿಮ್ಮ ಅಹಂಕಾರ ಇರ್ಬೇಕು."

"ಅದಿನ್ನೂ ಉಸಿರಾಡ್ತಿದೆ ಡಾಕ್ಟ್ರೇ. ಬೇಕಿದ್ರೆ ಚುಚ್ಚಿ ನೋಡಿ."

ಅವನು ಅರ್ಧ ಬಾಯಲ್ಲಿ ನಕ್ಕ. ಅವಳಿಗೂ ನಗು ಬಂತು... ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡಳು.

ಕೊನೆಯ ಪರೀಕ್ಷೆಯ ದಿನ ಅವನು ಒಂದೇ ಉಸಿರಿಗೆ ಒಪ್ಪಿಸಿದ. "ಬಾಗಿಲು, ಕನ್ನಡಿ, ಸೇತುವೆ, ನಿಂಬೆ, ಕಂಬಳಿ."

ಇಪ್ಪತ್ತಾರು! ಅವಳು ಹಾಳೆಯನ್ನು ಅವನ ಮುಂದೆ ತಳ್ಳಿದಳು. "ಸಹಿ ಮಾಡಿ."

ಎಡಗೈಯಲ್ಲಿ ಪೆನ್ನು ಹಿಡಿದವನು ತಡೆದ.

"ಇದು ತಪ್ಪು."

"ಏನು?"

"ಹಾಳೆ ಒಂದೇ... ಮೊದ್ಲೂ ಹೀಗೇ ಮಾಡಿದ್ದೆ ನೀನು."

ನೀನು! ಇವನಿಗೆ ಗುರುತು ಸಿಕ್ಕಿದೆ.

"ಅವತ್ತು ಸಭೆಗೆ ಮುಂಚೆ ಫೋನ್ ಮಾಡ್ದೆ. ಮತ್ತೆ ಮಾಡ್ದೆ... ನೀನು ಎತ್ತಲಿಲ್ಲ."

"ಒಂಬತ್ತು ಸಲ!" ಎಂದಳು ಬಾಗಿಲಲ್ಲಿದ್ದ ಅಕ್ಕ. "ಭಾಷಣ ಉರು ಹೊಡೀತಾ ಫೋನ್ ಆಫ್ ಮಾಡ್ಕೊಂಡಿದ್ದೆಯಲ್ಲ, ಅವತ್ತು. ನಿನ್ನ ಅಂಕಿ ನಂಬಿ ಆಸ್ಪತ್ರೆಯವರು ಮಾರನೇ ದಿನವೇ ರೋಗಿಗಳ ಮಾತ್ರೆ ನಿಲ್ಲಿಸೋರಿದ್ರು. ಸುಮ್ನೆ ಕೂತಿರೋಕಾಗುತ್ತಾ? ಉಂಗುರ ವಾಪಸ್ ಬಂದ್ಮೇಲೆ ಇವನು ಬಾಯೇ ಬಿಡ್ಲಿಲ್ಲ."

ಮೂರು ವರ್ಷ ಸಾಕಿದ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಅವಳು ಅವನೆದುರು ಕುರ್ಚಿ ಎಳೆದು ಕೂತಳು.

"ನಿನ್ನ ಮಾನ ಕಳೀಬೇಕಂತಲೇ ಅದೇ ಹಾಳೆ ತಂದೆ."

"ಗೊತ್ತಾಯ್ತು."

"ನನ್ನ ಗುರುತು ಯಾವಾಗ ಸಿಕ್ತು?"

"ಮೂರನೇ ವಾರ. ಆ ಎಣ್ಣೆ... ಆಗಿನಿಂದಲೂ ನಿನ್ನ ಕೈ ವಾಸನೆ ಅದು."

"ಮತ್ತೆ ಯಾಕೆ ಬರ್ತಾ ಇದ್ದೆ?"

"ಇಷ್ಟು ಕೋಪ ಉಳಿದಿದೆ ಅಂದ್ರೆ... ಉಳಿದದ್ದೂ ಇರುತ್ತೆ ಅಂತ."

ಅವಳು ಹಾಳೆ ಹರಿದಳು. ಕಣ್ಣೊರೆಸಿಕೊಂಡು ಹೊಸ ಹಾಳೆ, ಹೊಸ ಪದ ತಂದಳು. ಹತ್ತು ನಿಮಿಷ ಕಾಯಬೇಕಿತ್ತು. ಅವಳ ಕೈ ಅವನ ಕೈಯಲ್ಲೇ ಇತ್ತು.

"ಮದುವೆ ಆಗ್ತೀಯಾ? ನಾನು ಮರೆಯೋಕ್ಮುಂಚೆ ಹೇಳಿಬಿಡು."

"ಆಗ್ತೀನಿ. ಮರೆತ್ರೆ ಮತ್ತೆ ಕೇಳು. ಪ್ರತಿ ಸಲ ಹೇಳ್ತೀನಿ."

ಈ ಸುಧಾರಣೆ ಸೂಜಿಯಿಂದಲೋ, ಎಣ್ಣೆಯಿಂದಲೋ, ಬರೀ ಕಾಲದಿಂದಲೋ, ಒಬ್ಬನೇ ರೋಗಿಯನ್ನು ನೋಡಿ ಹೇಳಲಾಗದು ಎಂದು ಅವಳು ಹೊಸ ಹಾಳೆಯ ಕೆಳಗೆ ಬರೆದಳು. ಅವನು ಸಹಿ ಹಾಕಿದ.

ಮೂವತ್ತಕ್ಕೆ ಹತ್ತೊಂಬತ್ತು.