ಖಾಲಿ ಮೆಟ್ಟಿಲುಗಳು

ಪುಸ್ತಕ ಅಂಚೆಯಲ್ಲಿ ಬಂತು. ಜಗತ್ತಿನ ಹೆಸರಾಂತ ಕಟ್ಟಡಗಳ ಫೋಟೋಗಳು. ಎರಡೂ ಕೈಯಲ್ಲಿ ಹಿಡಿಯಬೇಕಾದಷ್ಟು ಭಾರ. ಮುಖಪುಟದಲ್ಲಿ ಅಕ್ಕನ ಗಂಡನ ಹೆಸರು. ಭಾವನ ಸಹಾಯಕನಾಗಿ ಜೊತೆಗೇ ದುಡಿದಿದ್ದ ಅವನು ತನ್ನ ಹೆಸರಿಗಾಗಿ ಕೊನೆಯ ಪುಟದವರೆಗೂ ಹುಡುಕಿದ. ಹೋಟೆಲುಗಳಿಗೆ, ಟ್ಯಾಕ್ಸಿಯವರಿಗೆ, ಕಡೆಗೆ ಭಾವನ ನಾಯಿಗೂ ಕೃತಜ್ಞತೆ ಹೇಳಿತ್ತು.

ಗುಮ್ಮಟಗಳ ಕೆಳಗೆ ಬೆಳಕಿಗಾಗಿ ಕಾದವನು ಅವನು. ಕಂಬಗಳು ವಾಲದಂತೆ ಕ್ಯಾಮೆರಾ ಹೊಂದಿಸಿದವನೂ ಅವನೇ. ಭಾವ ಬಂದು ಒಮ್ಮೆ ಇಣುಕಿ "ಹ್ಞೂಂ" ಅನ್ನುತ್ತಿದ್ದ, ಅಷ್ಟೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಗಿತ್ತು.

"ನನ್ನ ಹೆಸರೇ ಇಲ್ವಲ್ಲ ಭಾವ?"

"ಕ್ಯಾಮೆರಾ ಹೊರೋ ಮುಕ್ಕಾಲಿ ಹೆಸರು ಯಾರಾದ್ರೂ ಹಾಕ್ತಾರೇನೋ?" ಭಾವ ನಕ್ಕ. ಅಂದಿನಿಂದ ಎಲ್ಲರೆದುರೂ ಅವನು ಮುಕ್ಕಾಲಿಯೇ ಆದ.

ಸಿಟ್ಟು ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಆ ಜೋಮಿನಲ್ಲೇ ಭಾವನನ್ನು ಕೊಲ್ಲುವ ದಾರಿ ಹುಡುಕಿದ.

ಮುಂದಿನ ಕೆಲಸ ಹಳೆಯ ಗ್ರಂಥಾಲಯದ ಅಮೃತಶಿಲೆಯ ಮೆಟ್ಟಿಲು. ವಾರದ ರಜೆ; ಮುಂಬಾಗಿಲಲ್ಲಿ ಕಾವಲುಗಾರ ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ಭಾವ ಇಣುಕಿ ನೋಡಿ, ಸಿಗರೇಟು ಸೇದಲು ಮೆಟ್ಟಿಲು ಹತ್ತಿ ಹಿಂಬದಿಯ ಬಾಲ್ಕನಿಗೆ ಹೋಗುತ್ತಾನೆ. ಅಲ್ಲಿನ ಕಟ್ಟೆ ಮೊಣಕಾಲೆತ್ತರ. ಆಮೇಲೆ ಇವನು ಶಟರ್ ತೆರೆಯಬೇಕು. ಕಪ್ಪು ಫಿಲ್ಟರ್ ಹಾಕಿ ಬಹಳ ಹೊತ್ತು ತೆರೆದಿಟ್ಟ ಫಿಲ್ಮಿನಲ್ಲಿ ನಡೆದಾಡುವ ಮನುಷ್ಯರು ಮೂಡುವುದಿಲ್ಲ. ಜನ ಕಿಕ್ಕಿರಿದ ಚೌಕಗಳನ್ನು ಭಾವ ಖಾಲಿ ಮಾಡಿ ತೋರಿಸಿ ಹೆಸರು ಮಾಡಿದ್ದು ಹೀಗೆಯೇ. ಮೇಲೆ ಹೋಗಲು ಇದ್ದದ್ದು ಆ ಮೆಟ್ಟಿಲೊಂದೇ. ಕ್ಯಾಮೆರಾ ಅದನ್ನೇ ನೋಡುತ್ತಿರುತ್ತದೆ, ಯಾರೂ ಹತ್ತಲಿಲ್ಲ ಎಂದು ಸಾಕ್ಷಿಯನ್ನೂ ಹೇಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಎಲ್ಲವೂ ಹಾಗೆಯೇ ನಡೆಯಿತು. ಶಟರ್ ತೆರೆದು, ಲೆನ್ಸ್ ಪೆಟ್ಟಿಗೆ ತರುತ್ತೇನೆಂದು ಕಾವಲುಗಾರನಿಗೆ ಹೇಳಿ ಹೊರಗೆ ಹೋದ. ಪಕ್ಕದ ಬಾಗಿಲಿನಿಂದ ಒಳಗೆ ಬಂದು, ಎಲ್ಲೂ ತಡೆಯದೆ ಮೆಟ್ಟಿಲು ಹತ್ತಿದ.

"ಆಗ್ಲೇ ಆಯ್ತೇನೋ?" ಎಂದ ಭಾವ, ತಿರುಗದೆ.

ಬಾಗಿಲು ತಳ್ಳಿದಷ್ಟೇ ಸುಲಭವಾಯಿತು. ಮೆಟ್ಟಿಲ ತುದಿಗೆ ಬಂದಾಗ, ಈಗಲಾದರೂ ಏನಾದರೂ ಅನ್ನಿಸಬೇಕಲ್ಲ ಎಂದುಕೊಂಡ. ಅಕ್ಕನ ಮುಖ ನೆನೆಸಿಕೊಂಡ. ಏನೂ ಅನ್ನಿಸಲಿಲ್ಲ. ಇಳಿದು, ಬಂದ ದಾರಿಯಲ್ಲೇ ಹೊರಗೆ ಹೋಗಿ, ಪೆಟ್ಟಿಗೆ ಹೊತ್ತು ಮುಂಬಾಗಿಲಿನಿಂದ ಬಂದಾಗ ಶಟರ್ ಮುಚ್ಚುವ ಹೊತ್ತು ಮೀರಿತ್ತು. ಮುಚ್ಚಿದ. ಆಮೇಲೆ ಭಾವನನ್ನು ಕೂಗಿ ಕರೆದ.

"ಮೇಲೆ ಇನ್ಯಾರಾದ್ರೂ ಹೋಗಿದ್ರಾ?" ಪೊಲೀಸ್ ಅಧಿಕಾರಿ ಕೇಳಿದರು.

"ನಾನು ಹೊರಗಿದ್ದೆ ಸರ್. ಕ್ಯಾಮೆರಾ ಮೆಟ್ಟಿಲಿಗೇ ಇಟ್ಟಿತ್ತು. ಫಿಲ್ಮ್ ನಾನು ತೊಳೆದ್ರೆ ನಾಳೆ ಒಂದು ಮಾತು ಬರತ್ತೆ. ನೀವೇ ತೊಳೆಸಿ."

ಇಂಥ ಪ್ರಾಮಾಣಿಕನನ್ನು ಕಂಡು ಅಧಿಕಾರಿಗೆ ಸಮಾಧಾನವಾದಂತಿತ್ತು.

ವಾರ ಕಳೆದು ಅವರು ಅಕ್ಕನ ಮನೆಗೇ ಬಂದು ಮೇಜಿನ ಮೇಲೆ ದೊಡ್ಡ ಪ್ರಿಂಟ್ ಹರಡಿದರು. ಕಂಬಗಳು ನೆಟ್ಟಗಿದ್ದವು, ಬೆಳಕು ಅವನು ಬಯಸಿದಂತೆಯೇ ಬಿದ್ದಿತ್ತು. ಒಂದು ಕ್ಷಣ ಹೆಮ್ಮೆಯಾಯಿತು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ಮೆಟ್ಟಿಲ ತುದಿಯಲ್ಲಿ ಕಟಕಟೆ ಹಿಡಿದು ಒಬ್ಬ ನಿಂತಿದ್ದ. ಮೈಯಲ್ಲಿ ಹಿಂದಿನ ಗೋಡೆ ತುಸು ಹಾದು ಕಾಣುತ್ತಿತ್ತು, ಮುಖ ಮಾತ್ರ ಸ್ಪಷ್ಟವಾಗಿತ್ತು. ಅವನು ಹತ್ತಿದ್ದಾಗಲಿ ಇಳಿದದ್ದಾಗಲಿ ಫಿಲ್ಮಿನಲ್ಲಿ ಮೂಡಿರಲಿಲ್ಲ. ಏನಾದರೂ ಅನ್ನಿಸಲಿ ಎಂದು ಕಾಯುತ್ತ, ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ಮೂಡಿತ್ತು. "ಇದು ನೀನಲ್ವೇನೋ?" ಎಂದಳು ಅಕ್ಕ.