ತೆರೆಯದ ಕಪಾಟು

ಒಂದು ಹನಿ ಕೀವು ಬಿದ್ದೊಡನೆ 'ಪತ್ತೆ' ಯಂತ್ರ ಕೆಲಸಕ್ಕೆ ತೊಡಗಿತು. ಹಿಂದೆ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆಂದು ದಿನಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ರೋಗಿಯ ಕತೆ ಮುಗಿದಿರುತ್ತಿತ್ತು. ಈ ಯಂತ್ರ ರೋಗಾಣುವಿನ ವಂಶವಾಹಿಗಳನ್ನು ಓದಿ, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ತಕ್ಕ ಔಷಧಿಯ ಹೆಸರು ಹೇಳಿ, ಔಷಧಿಯ ಕಪಾಟನ್ನೂ ತಾನೇ ತೆರೆಯುತ್ತಿತ್ತು. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ವೈದ್ಯರು ಊಹೆಯ ಮೇಲೆ ಔಷಧಿ ಬರೆಯುವುದು ನಿಂತು ಎಷ್ಟೋ ವರ್ಷಗಳಾಗಿದ್ದವು.

ಇಂದು ಕಪಾಟು ತೆರೆಯಲಿಲ್ಲ.

ಯಂತ್ರದ ಮುಂದೆ ನಿಂತಿದ್ದವಳು ಅದನ್ನು ಕಟ್ಟಿದ ಸುಲೋಚನಾ ಹೆಬಸೂರ. ಕೀವು ಅವಳ ಅಣ್ಣ ಬಸಲಿಂಗಪ್ಪನ ಕಾಲಿನದು. ಅವನ ರೋಗಾಣು ಎಲ್ಲ ಔಷಧಿಗಳನ್ನೂ ಗೆದ್ದಿತ್ತು, ಕೊನೆಯ ಒಂದನ್ನು ಬಿಟ್ಟು. ಆ ಒಂದನ್ನೂ ಎದುರಿಸಲು ಅರ್ಧ ಕಲಿತುಬಿಟ್ಟಿತ್ತು. ಈಗ ಅದನ್ನು ಕೊಟ್ಟರೆ ಅಣ್ಣ ಉಳಿಯುವುದು ಅನುಮಾನ. ರೋಗಾಣು ಮಾತ್ರ ಉಳಿದ ಪಾಠವನ್ನೂ ಕಲಿತು, ಅದೇ ಔಷಧಿಯಿಂದ ಜೀವ ಹಿಡಿದುಕೊಂಡಿದ್ದ ಅಕ್ಕಪಕ್ಕದ ಮಂಚಗಳಿಗೆ ದಾಟುವುದು ಖಂಡಿತ. ಬೇರೆಯಾಗಿ ಇಡೋಣವೆಂದರೆ ಒಂಟಿ ಕೋಣೆಗಳೆಲ್ಲ ಇಂಥವರಿಂದಲೇ ತುಂಬಿದ್ದವು.

"ನೀನೇ ಮಾಡಿದ್ದಲ್ಲವಾ ಈ ಮಷೀನು? ಕೀಲಿ ನಿನ್ನ ಹತ್ರ ಇಲ್ಲೇನು?" ಅತ್ತಿಗೆ ಈರವ್ವ ಕೇಳಿದಳು.

"ಕೀಲಿನೇ ಇಟ್ಟಿಲ್ಲ ವೈನಿ. ಇಟ್ಟಿದ್ರ ದಿನಾ ಫೋನ್ ಬರ್ತಿದ್ವು, 'ನಮ್ಮ ಮಂದಿ ಅದಾರ, ಸ್ವಲ್ಪ ನೋಡ್ರಿ' ಅಂತ."

"ಈಗ ನಿಮ್ಮಣ್ಣ ನಿನ್ನ ಮಂದಿ ಅಲ್ಲೇನು?"

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ಸುಲೋಚನಾಗೆ ಕಪಾಟಿನ ಗಾಜಿನ ಬಾಗಿಲನ್ನು ಕುರ್ಚಿಯಿಂದ ಒಡೆಯಬೇಕೆನಿಸಿತು, ನಿಜವಾಗಿಯೂ ಅನಿಸಿತು. ಆದರೆ ಪಕ್ಕದ ಮಂಚದ ಬಾಣಂತಿ ಅವಳನ್ನೇ ನೋಡುತ್ತಿದ್ದಳು.

ಆಸ್ಪತ್ರೆಯ ಹೊರಗೆಲ್ಲೂ ಸಿಗದ ಔಷಧಿಯನ್ನು ಅಣ್ಣನ ರೋಗಾಣು ಎಲ್ಲಿ ಕಲಿಯಿತು? "ವೈನಿ, ಮನ್ಯಾಗ ಅಣ್ಣಗ ಏನರ ಗುಳಿಗಿ ಕೊಟ್ಟಿದ್ರೇನು?"

"ಬಾಜೂ ಮನಿ ಕಾಶೀಬಾಯಾರು ಕೊಟ್ಟಿದ್ರು. ಅವರು ದವಾಖಾನಿಯಿಂದ ತಂದಿದ್ದು. ಆರಾಮಾತು, ಉಳಿದಾವು, ಚೆಲ್ಲೂದ್ಯಾಕ ಅಂದ್ರು. ಎರಡು ನುಂಗಿಸಿದೆ. ಬಾವು ಇಳೀತು, ಬಿಟ್ಟೆ. ಚಲೋ ಆಗಿತ್ತು ನೋಡು!"

ಆ ಕೊನೆಯ ಔಷಧಿಯ ಎರಡು ಗುಳಿಗೆ. ರೋಗಾಣುವನ್ನು ಕೊಲ್ಲಲು ಅವು ಸಾಲವು. ಅದಕ್ಕೆ ಬುದ್ಧಿ ಕಲಿಸಲು ಬೇಕಾದಷ್ಟಾಯಿತು. ಈರವ್ವನ ಮುಖ ನೋಡಿ ಸುಲೋಚನಾ ಆ ಮಾತನ್ನು ನುಂಗಿಕೊಂಡಳು.

ಬಸಲಿಂಗಪ್ಪ ಆ ವಾರವೇ ತೀರಿಕೊಂಡ. ವಾರ್ಡಿನ ಉಳಿದವರು ಗುಣವಾಗಿ ಮನೆಗೆ ಹೋದರು. ಅವರಲ್ಲಿ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ. ತನ್ನ ಯಂತ್ರ ಹೇಳಿದ್ದು ಸರಿಯೆಂದು ಸುಲೋಚನಾಗೆ ತಿಳಿದಿತ್ತು. ಅದರಿಂದ ದುಃಖವೇನೂ ಇಳಿಯಲಿಲ್ಲ.

ಅಣ್ಣನ ದಿನಕರ್ಮ ಮುಗಿಸಿದ ಮರುದಿನ ಈರವ್ವನಿಗೆ ಮೈ ಕಾದಿತ್ತು. ಕಾಶೀಬಾಯಿ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಲು ಬಿಡದೆ ಅಷ್ಟು ದಿನವೂ ಅವರೇ ಊಟ ತಂದಿದ್ದರು. ಈರವ್ವನ ಹಣೆ ಮುಟ್ಟಿ, ಸೆರಗಿನ ಗಂಟು ಬಿಚ್ಚಿ, ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿ ತೆಗೆದರು.

"ನಮ್ಮ ಸೊಸಿಗೆ ತಂದಿದ್ದು, ಉಳಿದಾವ. ಒಂದು ನುಂಗವಾ, ತಣ್ಣಗಾಕ್ಕತಿ."

ಆ ಓಣಿಯಲ್ಲಿ ಇಂಥ ಪಟ್ಟಿ ಇಲ್ಲದ ಮನೆಯಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ, ಹತ್ತಾರು ಔಷಧಿಗಳು ಇನ್ನೂ ಕೆಲಸ ಮಾಡುತ್ತಿದ್ದಾಗಲೂ ಹೀಗೆಯೇ ಇತ್ತು. ಆಸ್ಪತ್ರೆಯ ಕಪಾಟಿಗೆ ಬೀಗ ಹಾಕಬಹುದು. ಹೀಗೆ ಪ್ರೀತಿಯಿಂದ ಚಾಚಿದ ಕೈಗೆ ಯಾವ ಬೀಗ?

ಈರವ್ವ ಗುಳಿಗೆಗೆ ಕೈಯೊಡ್ಡಿದಳು. ಪಕ್ಕದಲ್ಲಿ ಕೂತಿದ್ದ ಸುಲೋಚನಾ ಆ ಕೈ ಹಿಡಿದುಕೊಂಡಳು.

"ಬ್ಯಾಡ ವೈನಿ."

"ಯಾಕ?" ಎಂದಳು ಈರವ್ವ.

"ಯಾಕವಾ?" ಎಂದರು ಕಾಶೀಬಾಯಿ.

ಇಬ್ಬರೂ ಅವಳ ಮುಖವನ್ನೇ ನೋಡುತ್ತ ಕುಳಿತರು.