ಸೈಕಲ್ ಪತ್ತೇದಾರ ಕಳುವಾದ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಫಿರ್ಯಾದಿಯನ್ನು ಕಂಡು ಇಬ್ಬರು ಕಾನ್‌ಸ್ಟೇಬಲ್‌ಗಳು ಎದ್ದು ನಿಂತರು. ಮೂರನೆಯವನು ತನಗರಿವಿಲ್ಲದೆ ಬಾಯಿ ಮುಚ್ಚಿಕೊಂಡ. ಬಂದವರು ಅರವತ್ತಾರು ವರ್ಷದ ದಂತವೈದ್ಯೆ. ಮುಂದಿನ ಬೀದಿಯಲ್ಲೇ ಬಹುಕಾಲ ಕ್ಲಿನಿಕ್ ನಡೆಸಿ, ಎರಡು ವರ್ಷದ ಕೆಳಗೆ ಬಾಗಿಲು ಹಾಕಿದ್ದರು. ಅವರ ಕೈಯಲ್ಲಿ ಹಲ್ಲು ಕೀಳಿಸಿಕೊಳ್ಳದವರು ಆ ಠಾಣೆಯಲ್ಲಿ ಕಡಿಮೆ.

“ಕಳ್ಳತನ ಆಗಿದೆ,” ಎಂದರು ಅವರು, ಇನ್ಸ್‌ಪೆಕ್ಟರ್ ಎದುರು ಕುರ್ಚಿ ಎಳೆದುಕೊಂಡು. “ನನ್ನ ಹಳೇ ಕ್ಲಿನಿಕ್ಕಲ್ಲಿಟ್ಟಿದ್ದ ಎಂಟು ಪೆಟ್ಟಿಗೆ ಪುಸ್ತಕ. ನಾನೇ ಬರೆದದ್ದು, ನಾನೇ ಅಚ್ಚು ಹಾಕಿಸಿದ್ದು. ಈ ಶನಿವಾರ ಬಿಡುಗಡೆ ಇದೆ.”

ಇನ್ಸ್‌ಪೆಕ್ಟರ್ ವರ್ಗವಾಗಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಠಾಣೆಯಲ್ಲಿ ಈ ವೈದ್ಯೆಗೆ ಹೆದರದಿದ್ದವರು ಬಹುಶಃ ಆಕೆ ಒಬ್ಬರೇ.

“ಎಂಥ ಪುಸ್ತಕ?”

“ಪತ್ತೇದಾರಿ ಕಾದಂಬರಿ. ‘ಸೈಕಲ್ ಪತ್ತೇದಾರ ಮತ್ತು ಮುಚ್ಚಿದ ಕಿಟಕಿ’.”

ಪಕ್ಕದ ಮೇಜಿನಲ್ಲಿ ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತು. ಠಾಣೆಯ ಬರವಣಿಗೆಯೆಲ್ಲ ಅವರದೇ ಆದ್ದರಿಂದ ಎಲ್ಲರೂ ಅವರನ್ನು ರೈಟರ್ ಎಂದೇ ಕರೆಯುತ್ತಿದ್ದರು.

“ಸೈಕಲ್ ಪತ್ತೇದಾರನಾ? ಹೊಸದಾ?” ಎಂದರು ರೈಟರ್. “ಹನ್ನೊಂದೇ ಅಲ್ವಾ ಇದ್ದಿದ್ದು?”

“ಇದು ಹನ್ನೆರಡನೇದು.”

ವಿಷಯ ತಿಳಿಯದ ಇನ್ಸ್‌ಪೆಕ್ಟರ್‌ಗೆ ರೈಟರ್ ಒಂದೇ ಉಸಿರಿನಲ್ಲಿ ಬಿಡಿಸಿ ಹೇಳಿದರು. ಯಾವ ಕಾಲದಲ್ಲೋ ತೀರಿಕೊಂಡ ಒಬ್ಬ ಲೇಖಕರು ಬರೆದ ಹನ್ನೊಂದು ಪುಸ್ತಕ. ಎಲ್ಲಿಗೆ ಹೋಗಬೇಕಾದರೂ ಸೈಕಲ್ ತುಳಿಯುವ ಒಬ್ಬ ಪತ್ತೇದಾರ, ಮನೆ ಬಿಟ್ಟು ಹೊರಗೆ ಕಾಲಿಡದ ಅವನ ಅಕ್ಕಯ್ಯ. ಅವನು ಊರೆಲ್ಲ ಸುತ್ತಿ ಸುಳಿವು ತರುತ್ತಾನೆ. ಅವಳು ಹರಿದ ಅಂಗಿಗೆ ಗುಂಡಿ ಹಚ್ಚುತ್ತ ಕಳ್ಳ ಯಾರೆಂದು ಹೇಳುತ್ತಾಳೆ. ಲೇಖಕರ ಹಕ್ಕಿನ ಅವಧಿ ಮುಗಿದು ಆ ಪಾತ್ರಗಳು ಈಗ ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಅವರನ್ನಿಟ್ಟುಕೊಂಡು ಹೊಸ ಕತೆ ಕಟ್ಟಬಹುದು.

“ಬೀಗ ಒಡೆದಿದ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ.”

“ಕೀಲಿ ಎಷ್ಟಿವೆ?”

“ಎರಡು. ಒಂದು ನನ್ನ ಹತ್ರ, ಇನ್ನೊಂದು ತಮ್ಮನ ಹತ್ರ. ಅವನ ವಿಷಯ ಬರ್ಕೋಬೇಡಿ. ಅವನು ನಾನು ಎತ್ತಿ ಆಡಿಸಿದ ಹುಡುಗ.”

“ಹುಡುಗನ ವಯಸ್ಸು?”

“ಐವತ್ತೆಂಟು.”

ರೈಟರ್ ತಲೆ ತಗ್ಗಿಸಿ ಬರೆದುಕೊಂಡರು. ಎಫ್.ಐ.ಆರ್. ದಾಖಲಾಯಿತು. ಪ್ರತಿ ಕೈಗೆ ತೆಗೆದುಕೊಳ್ಳುತ್ತ ವೈದ್ಯೆ ಹೇಳಿದರು: “ಶನಿವಾರದ ಒಳಗೆ ಹುಡುಕಿಕೊಡಿ. ಮುಂದಿನ ವಾರ ನಾನು ಇರಲ್ಲ.”

“ಎಲ್ಲಿಗೆ?”

“ಸ್ವಂತ ಕೆಲಸ,” ಎಂದು ಅವರು ಎದ್ದುಬಿಟ್ಟರು.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪಂಚನಾಮೆ ನಡೆಯಿತು. ಎದುರಿನ ದರ್ಜಿ ಮತ್ತು ಪಕ್ಕದ ಕನ್ನಡಕದಂಗಡಿಯವರು ಪಂಚರು. ಹಲ್ಲು ನೋಡುವ ಹಳೆಯ ಕುರ್ಚಿ ತಲೆ ಹಿಂದಕ್ಕೆ ಚೆಲ್ಲಿ ಕಿಟಕಿಯ ಪಕ್ಕದಲ್ಲಿತ್ತು. ಅದರ ಸೀಟಿನ ಮೇಲೆ ವೈದ್ಯೆ ಕಾದಂಬರಿ ಬರೆದ ಲ್ಯಾಪ್‌ಟಾಪ್. ಕಪಾಟಿನಲ್ಲಿ ಉಕ್ಕಿನ ಸಲಕರಣೆಗಳು ಹಾಗೇ ಇದ್ದವು. ಗೋಡೆಯ ಬದಿಯಲ್ಲಿ ಪೆಟ್ಟಿಗೆಗಳಿದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕಚೌಕವಾಗಿ ಕಾಣುತ್ತಿತ್ತು. ನೆಲದ ಮೇಲೆ ಎಳೆದ ಗುರುತಿಲ್ಲ.

“ಎತ್ತಿಕೊಂಡೇ ಹೋಗಿದ್ದಾರೆ,” ಎಂದರು ಇನ್ಸ್‌ಪೆಕ್ಟರ್. “ಇಷ್ಟು ಭಾರ ಎಳೆಯದ ಕಳ್ಳನನ್ನ ನಾನು ನೋಡಿಲ್ಲ.” ನಂತರ ದರ್ಜಿಯ ಕಡೆ ತಿರುಗಿದರು. “ಶನಿವಾರ ಭಾನುವಾರ ಇಲ್ಲಿಗೆ ಅಪರಿಚಿತರು ಯಾರಾದ್ರೂ ಬಂದಿದ್ರಾ?”

“ಅಪರಿಚಿತರು ಯಾರೂ ಬಂದಿಲ್ಲಮ್ಮ,” ಎಂದ ದರ್ಜಿ, ಕತ್ತಿನಲ್ಲಿದ್ದ ಅಳತೆ ಪಟ್ಟಿ ಸರಿಮಾಡಿಕೊಂಡು.

ಉಳಿದಿದ್ದ ಒಂದೇ ಪ್ರತಿ ವೈದ್ಯೆಯ ಮನೆಯಲ್ಲಿತ್ತು. ಮಾಲಿನ ಮಾದರಿ ಬೇಕೆಂದು ಇನ್ಸ್‌ಪೆಕ್ಟರ್ ಅದನ್ನು ಕೇಳಿ ಪಡೆದರು. ರೈಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜೀಪು ಹತ್ತಿದರು.

ಮೊದಲ ಅನುಮಾನ ಹೋದದ್ದು ಮೂಲ ಲೇಖಕರ ಮೊಮ್ಮಗನ ಮೇಲೆ. ‘ನಮ್ಮ ತಾತನ ಪಾತ್ರ ಮುಟ್ಟಿದರೆ ಸುಮ್ಮನಿರಲ್ಲ’ ಎಂದು ಅವರು ಫೋನಿನಲ್ಲಿ ಕೂಗಾಡಿದ್ದರೆಂದು ಅಚ್ಚುಮನೆಯವರು ಹೇಳಿದ್ದರು. ಮಂಗಳವಾರ ಇನ್ಸ್‌ಪೆಕ್ಟರ್ ಅವರ ಅಂಗಡಿಗೆ ಹೋದರು. ಮೊಮ್ಮಗ ನೀರೆತ್ತುವ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದರು.

“ಬೈದಿದ್ದು ಹೌದು,” ಎಂದರು. “ಹಕ್ಕು ಮುಗಿದುಹೋಗಿದೆ ಅಂತ ವಕೀಲರು ಹೇಳಿದ್ಮೇಲೂ ಬೈದೆ. ಹೊಟ್ಟೆ ಉರೀತಿತ್ತು. ಆಮೇಲೆ ಆ ಡಾಕ್ಟ್ರಮ್ಮ ನೇರ ಇಲ್ಲಿಗೇ ಬಂದ್ರು.”

“ಬಂದು?”

“ಈ ಸ್ಟೂಲ್ ಮೇಲೆ ಕೂತು ಮೊದಲ ಅಧ್ಯಾಯ ಓದಿದ್ರು. ನಮ್ಮ ತಾತ ನಮ್ಮನೇಲಿ ಮಾತಾಡ್ತಾ ಇದ್ದಂಗೆ ಇತ್ತು ಮೇಡಂ. ನಾನು ಬಾಯಿ ಬಿಟ್ಕೊಂಡು ಕೇಳ್ತಾ ಇದ್ದೆ. ಓದು ನಿಲ್ಲಿಸಿ, ‘ನಿಮ್ಮ ಬಲಗಡೆ ದವಡೆ ಹಲ್ಲು ಹುಳುಕಾಗಿದೆ, ತೋರಿಸ್ಕೊಳ್ಳಿ’ ಅಂದ್ರು.” ಅವರು ದವಡೆ ಸವರಿಕೊಂಡರು. “ಶನಿವಾರ ಪುಸ್ತಕ ಬಿಡುಗಡೆ ಮಾಡಬೇಕಾದವನು ನಾನೇ. ಭಾಷಣ ಬಾಯಿಪಾಠ ಮಾಡಿದ್ದೀನಿ. ಕೇಳ್ತೀರಾ?”

ಇನ್ಸ್‌ಪೆಕ್ಟರ್ ಬೇಡವೆಂದು ಕೈ ಮುಗಿದು ಬಂದರು.

ಠಾಣೆಗೆ ಮರಳಿದಾಗ ರೈಟರ್ ಕನ್ನಡಕ ತೆಗೆದಿಟ್ಟು ಕೂತಿದ್ದರು. ಕಣ್ಣು ಕೆಂಪಾಗಿತ್ತು.

“ಏನ್ರೀ ಆಯ್ತು?”

“ಅಕ್ಕಯ್ಯ ಹೋಗ್ಬಿಟ್ರು ಮೇಡಂ.”

“ಯಾರ ಅಕ್ಕಯ್ಯ?”

ರೈಟರ್ ಪುಸ್ತಕದ ಕಡೆ ಕೈ ತೋರಿಸಿದರು. “ಇಪ್ಪತ್ತನೇ ಅಧ್ಯಾಯ. ಕಾಯಿಲೆ ಆಗಿ ಸತ್ತೋಗ್ತಾರೆ. ಹನ್ನೊಂದು ಪುಸ್ತಕದಲ್ಲಿ ಒಂದು ಸಲ ಕೆಮ್ಮಿದವರಲ್ಲ! ನಂಗೇ ಈ ಪುಸ್ತಕ ಎತ್ಕೊಂಡೋಗಿ ಬಾವಿಗೆ ಹಾಕೋಣ ಅನ್ಸಿಬಿಡ್ತು.”

ಇನ್ಸ್‌ಪೆಕ್ಟರ್ ಟೋಪಿ ಮೇಜಿನ ಮೇಲಿಟ್ಟು ಲೆಕ್ಕ ಹಾಕಿದರು. ಮಾರಿದರೆ ದುಡ್ಡು ಬರುವ ಮಾಲಲ್ಲ. ಬೆಲೆಬಾಳುವ ಸಲಕರಣೆ ಮುಟ್ಟಿಲ್ಲ. ಲ್ಯಾಪ್‌ಟಾಪ್ ಬಿಟ್ಟುಹೋಗಿರುವುದರಿಂದ ಪುಸ್ತಕ ಮತ್ತೆ ಅಚ್ಚಾಗಬಾರದೆಂಬ ಹಟವೂ ಕಳ್ಳನಿಗಿಲ್ಲ. ಶನಿವಾರ ಅದು ಹೊರಗೆ ಬರಬಾರದು, ಅಷ್ಟೇ.

“ಬಿಡುಗಡೆಗೆ ಮುಂಚೆ ಇದನ್ನ ಓದಿದವರು ಯಾರ್ಯಾರು?” ಎಂದರು.

ರೈಟರ್ ಅಚ್ಚುಮನೆಗೆ ಫೋನ್ ಮಾಡಿದರು. ಉತ್ತರ ಕೇಳಿ ಫೋನ್ ಕೆಳಗಿಟ್ಟು ಹೇಳಿದರು: “ಅಚ್ಚಿನ ತಪ್ಪು ತಿದ್ದೋಕೆ ಹಾಳೆ ತಗೊಂಡು ಹೋದವರು ಒಬ್ರೇ ಅಂತೆ. ಡಾಕ್ಟ್ರಮ್ಮನ ತಮ್ಮ. ಅರ್ಧಕ್ಕೆ ವಾಪಸ್ ಕೊಟ್ಟು, ಇನ್ನು ನಂಗೆ ಆಗಲ್ಲ ಅಂದ್ರಂತೆ.”

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತೆ ದರ್ಜಿಯ ಮುಂದೆ ನಿಂತರು.

“ಅವತ್ತು ಅಪರಿಚಿತರು ಬಂದಿಲ್ಲ ಅಂದ್ರಿ. ಪರಿಚಿತರು?”

“ಬಂದಿದ್ರಲ್ಲ, ಅವರ ತಮ್ಮ. ಶನಿವಾರ ಸಂಜೆ ಅವರು ಕಲಿಸೋ ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಬಂದು ಪೆಟ್ಟಿಗೆ ತುಂಬ್ಕೊಂಡು ಹೋದ್ರು.”

“ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ಕಳ್ಳನ ವಿಷಯ ಕೇಳಿದ್ರಿ,” ಎಂದ ದರ್ಜಿ ನಿಜವಾಗಿಯೂ ಅಚ್ಚರಿಪಟ್ಟು. “ಅವರು ತಮ್ಮ ಅಲ್ವಾ?”

ಕಾರು ಓಡಿಸಿದ್ದು ತಮ್ಮನಲ್ಲ, ಒಬ್ಬ ಹೆಂಗಸು ಎಂದೂ ದರ್ಜಿ ಹೇಳಿದ. ಆಕೆ ಬ್ಯಾಂಕಿನ ಗುಮಾಸ್ತೆ, ಕಾರು ಕಲಿಯಲು ಹೋಗುತ್ತಿದ್ದವರು. ಇನ್ಸ್‌ಪೆಕ್ಟರ್ ಬ್ಯಾಂಕಿಗೇ ಹೋಗಿ ಅವರ ಹೇಳಿಕೆ ತೆಗೆದುಕೊಂಡರು.

“ಇವತ್ತು ಭಾರ ತುಂಬಿದ ಗಾಡಿ ಓಡಿಸೋದು ಹೇಳ್ಕೊಡ್ತೀನಿ ಅಂದ್ರು ಮೇಡಂ. ನಾನು ನಂಬಿದೆ. ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋದ್ರೆ ಸಾಕು, ‘ನಿಧಾನಮ್ಮ, ಹಿಂದೆ ಅಕ್ಕ ಇದ್ದಾಳೆ’ ಅಂತಿದ್ರು. ಹಿಂದೆ ನೋಡಿದ್ರೆ ಬರೀ ಪೆಟ್ಟಿಗೆ.” ಹೇಳಿಕೆಗೆ ಸಹಿ ಹಾಕಿ ಪೆನ್ನು ಹಿಂತಿರುಗಿಸುತ್ತ ಕೇಳಿದರು: “ನಂಗೆ ಲೈಸೆನ್ಸ್ ಸಿಗತ್ತಾ ಮೇಡಂ? ಇದೆಲ್ಲ ಅಡ್ಡ ಬರಲ್ಲ ತಾನೇ?”

ಮಧ್ಯಾಹ್ನ ಮೂರು ಗಂಟೆಗೆ ಇನ್ಸ್‌ಪೆಕ್ಟರ್, ರೈಟರ್ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಹೋದರು. ವೈದ್ಯೆಯ ತಮ್ಮ ಒಂದು ಕಾರಿನ ಎಡಬದಿಯ ಸೀಟಿನಲ್ಲಿ ಕೂತಿದ್ದರು. ಬಿಳಿ ಮೀಸೆ, ಒಗೆದು ಒಗೆದು ಬಣ್ಣ ಹೋದ ಅಂಗಿ. ಪೊಲೀಸರನ್ನು ಕಂಡು ಕೈ ಸನ್ನೆಯಲ್ಲೇ ಕಾರು ನಿಲ್ಲಿಸಿ ಇಳಿದು ಬಂದರು.

“ಯಾಕೆ ಬಂದಿದ್ದೀವಿ ಗೊತ್ತಾ?”

“ಗೊತ್ತು ಮೇಡಂ. ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ.”

ರಸ್ತೆ ಚಿಹ್ನೆಗಳ ಫಲಕ ನೇತುಹಾಕಿದ್ದ ಪಾಠದ ಕೋಣೆಗೆ ಅವರೇ ಕರೆದುಕೊಂಡು ಹೋದರು. ಮೂಲೆಯಲ್ಲಿ ಹಲಗೆಗಳನ್ನು ಹಾಸಿ, ನೆಲದ ತೇವ ತಾಗದಂತೆ ಎಂಟೂ ಪೆಟ್ಟಿಗೆ ಜೋಡಿಸಿದ್ದರು. ಮೇಲೆ ದಪ್ಪ ಹೊದಿಕೆ, ಗೆದ್ದಲು ಬಾರದಿರಲೆಂದು ಸುತ್ತ ಪುಡಿ. ಒಂದು ಪೆಟ್ಟಿಗೆಯೂ ಒಡೆದಿರಲಿಲ್ಲ. ಪಂಚರ ಸಮಕ್ಷಮ ಮಾಲು ಜಪ್ತಿಯಾಯಿತು. ಆರೋಪಿಯನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು.

“ಯಾಕೆ ಕದ್ರಿ?”

“ಅಕ್ಕಂಗೆ ಹೊಟ್ಟೇಲಿ ಗಡ್ಡೆ ಇದೆ ಮೇಡಂ. ಬರೋ ಮಂಗಳವಾರ ಆಪರೇಷನ್. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿದ್ದೆ. ಡಾಕ್ಟ್ರು ಗುಣ ಆಗತ್ತೆ ಅಂತಾನೂ ಹೇಳ್ಲಿಲ್ಲ, ಆಗಲ್ಲ ಅಂತಾನೂ ಹೇಳ್ಲಿಲ್ಲ.”

ರೈಟರ್ ಬರೆಯುವುದನ್ನು ನಿಲ್ಲಿಸಿದ್ದರು.

“ವಾಪಸ್ ಬರ್ತಾ ಕಾರಲ್ಲಿ ಹೇಳಿದ್ಲು, ‘ಪುಸ್ತಕ ಒಂದು ಬಿಡುಗಡೆ ಆಗ್ಲಿ ಕಣೋ, ಅಲ್ಲಿಗೆ ನನ್ನ ಕೆಲಸ ಮುಗೀತು’ ಅಂತ. ಮನೆಗೆ ಹೋಗಿ ಹಾಳೆ ಓದ್ತೀನಿ, ಅದರಲ್ಲೂ ಅಕ್ಕಯ್ಯನ್ನ ಸಾಯಿಸಿದ್ದಾಳೆ. ಅಲ್ಲಿಗೇ ಹಾಳೆ ಮಡಚಿಟ್ಟೆ. ಅಮ್ಮ ಹೋದಾಗ ನಂಗೆ ಐದು ವರ್ಷ. ನಿದ್ದೆ ಬರ್ದೇ ಇದ್ರೆ ಆ ಪುಸ್ತಕ ಓದಿ ಹೇಳೋಳು. ಅವಳು ಅಕ್ಕಯ್ಯ, ನಾನು ಪತ್ತೇದಾರ. ಮನೆಯೊಳಗೇ ಸೈಕಲ್ ತುಳಿದಂಗೆ ಓಡಾಡ್ತಿದ್ದೆ.”

“ಅದಕ್ಕೂ ಕಳ್ಳತನಕ್ಕೂ ಏನು ಸಂಬಂಧ?”

“ಅವಳಿಗೆ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸ ಇಲ್ಲ ಮೇಡಂ,” ಎಂದರು ಅವರು. “ಬಿಡುಗಡೆ ಬಾಕಿ ಇದ್ರೆ ಆಪರೇಷನ್ ಮುಗಿಸಿ ಎದ್ದು ಬಂದೇ ಬರ್ತಾಳೆ. ಆಗ ವಾಪಸ್ ಇಡೋಣ ಅಂತಿದ್ದೆ.”

ವಿಷಯ ತಿಳಿಸಿ ಕರೆಸಿದಾಗ ವೈದ್ಯೆ ಅರ್ಧ ಗಂಟೆಯಲ್ಲಿ ಬಂದರು. ಬಂದವರೇ ತಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

“ಎಲ್ಲೀವರೆಗೆ ಓದಿದ್ಯೋ?”

“ಇಪ್ಪತ್ತನೇ ಅಧ್ಯಾಯ.”

“ಇನ್ನೂ ಎರಡು ಇತ್ತಲ್ಲ!”

“ಆಗ್ಲಿಲ್ಲ ಅಕ್ಕ.”

“ಲೋ ಪೆದ್ದ. ಹನ್ನೊಂದು ಪುಸ್ತಕದಲ್ಲೂ ಅವನು ಬೆವರು ಸುರಿಸಿ ಸುತ್ತಿ ಬರ್ತಾನೆ, ಅವಳು ಕೂತಲ್ಲೇ ಹೇಳ್ತಾಳೆ. ಓದಿದವರೆಲ್ಲ ಅವನಿಗೆ ತಲೆ ಇಲ್ಲ ಅಂದ್ಕೊಂಡಿದ್ದಾರೆ. ಅವಳು ಹೋದ್ಮೇಲೆ ಕೊನೇ ಎರಡು ಅಧ್ಯಾಯದಲ್ಲಿ ಅವನು ಒಬ್ಬನೇ ಕಳ್ಳನ್ನ ಹಿಡೀತಾನೆ. ಯಾರ ಸಹಾಯನೂ ಇಲ್ಲದೆ. ಅವನ ಕೈಲಾಗತ್ತೆ ಅಂತ ಹೇಳೋಕೇ ನಾನು ಇಷ್ಟು ದಪ್ಪ ಪುಸ್ತಕ ಬರ್ದಿದ್ದು.” ಅವರು ತಮ್ಮನನ್ನು ಮೇಲಿನಿಂದ ಕೆಳಗೆ ನೋಡಿದರು. “ಈಗ ನಿನ್ನನ್ನ ನೋಡಿದ್ರೆ ನಂಗೇ ಅನುಮಾನ ಬರ್ತಿದೆ.”

ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತರು ತಮ್ಮ. ವೈದ್ಯೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು.

“ನನ್ನ ದೂರು ವಾಪಸ್ ತಗೋತೀನಿ. ಪುಸ್ತಕ ಕೊಡಿ, ಇವನನ್ನೂ ಕೊಡಿ.”

“ಹಾಗೆ ಆಗಲ್ಲಮ್ಮ. ಎಫ್.ಐ.ಆರ್. ಆಗಿದೆ, ರಾಜಿ ಕೋರ್ಟಿನಲ್ಲೇ ಆಗ್ಬೇಕು. ಪುಸ್ತಕ ಈಗ ಜಪ್ತಿಯಾದ ಮಾಲು. ಕೋರ್ಟ್ ಆದೇಶ ಬರೋವರೆಗೆ ನಮ್ಮ ಕೋಣೇಲೇ ಇರ್ಬೇಕು.”

“ಎಷ್ಟು ದಿನ?”

“ಎರಡು ಮೂರು ವಾರ ಅಂತೂ ಬೇಕು.”

“ಅಂದ್ರೆ ಈ ಶನಿವಾರ...”

“ಸಾಧ್ಯ ಇಲ್ಲ. ನಿಮ್ಮ ಆಪರೇಷನ್ ಆದ್ಮೇಲೇ.”

ತಮ್ಮ ಮೆಲ್ಲಗೆ ತಲೆಯೆತ್ತಿದರು.

“ನಗ್ತಿದೀಯಾ?” ಎಂದರು ವೈದ್ಯೆ.

“ಇಲ್ಲ ಅಕ್ಕ.”

“ನಗು, ನಗು. ಸರ್ಕಾರನೂ ನಿನ್ನ ಕಡೆಗೇ ಸೇರ್ಕೊಂಡಿದೆ,” ಎಂದು ಅವರು ಬೆಂಚಿನ ಮೇಲೆ ತಮ್ಮನ ಪಕ್ಕದಲ್ಲಿ ಕುಸಿದು ಕೂತು, ಸೆರಗಿನಿಂದ ಮೊದಲು ಅವರ ಕಣ್ಣು, ಆಮೇಲೆ ತಮ್ಮದೇ ಕಣ್ಣು ಒರೆಸಿದರು.

ಗುರುವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನಿಗೆ ಸಹಿ ಹಾಕಲು ಫಿರ್ಯಾದಿಯೇ ಮುಂದೆ ಬಂದದ್ದನ್ನು ಕಂಡು ನ್ಯಾಯಾಧೀಶರು ಕಾಗದವನ್ನು ಎರಡು ಸಲ ಓದಿದರು. ದಿನವೂ ಠಾಣೆಗೆ ಬಂದು ಸಹಿ ಮಾಡಬೇಕೆಂಬ ಷರತ್ತಿನ ಮೇಲೆ ಬಿಡುಗಡೆಯಾಯಿತು.

ಮಂಗಳವಾರ ಠಾಣೆಯ ಕಸ ಗುಡಿಸುವ ಮೊದಲೇ ಬಂದು ಸಹಿ ಹಾಕಿ ವೈದ್ಯೆಯ ತಮ್ಮ ಆಸ್ಪತ್ರೆಗೆ ಓಡಿದರು. ಸಂಜೆ ಡ್ಯೂಟಿ ಮುಗಿಸಿ ರೈಟರ್ ಅತ್ತ ಹೋದರು. ಇನ್ಸ್‌ಪೆಕ್ಟರ್ ಕೂಡ ‘ಆ ಕಡೆ ಬೇರೆ ಕೆಲಸವಿದೆ’ ಎಂದು ಜೊತೆಗೆ ಹೋದರು. ಹೊರಗಿನ ಬೆಂಚಿನಲ್ಲಿ ತಮ್ಮ, ಅಚ್ಚುಮನೆಯಿಂದ ಮತ್ತೆ ತಂದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೊನೆಯ ಎರಡು ಅಧ್ಯಾಯ ಮುಗಿದಿತ್ತು.

“ಗಡ್ಡೆ ಪೂರ್ತಿ ತೆಗೆದಿದ್ದಾರಂತೆ,” ಎಂದರು ಅವರು ಎದ್ದು. “ಎಚ್ಚರ ಬಂತು. ಮೊದಲು ಕೇಳಿದ್ದು, ಕೋರ್ಟ್ ತಾರೀಕು ಯಾವತ್ತು ಅಂತ.”

ಮುಂದಿನ ತಿಂಗಳು ನ್ಯಾಯಾಲಯದ ಅನುಮತಿಯಿಂದ ಪ್ರಕರಣ ರಾಜಿಯಾಯಿತು. ಪೆಟ್ಟಿಗೆಗಳು ಮರಳಿದ ವಾರವೇ ಪುಸ್ತಕ ಬಿಡುಗಡೆಯಾಯಿತು. ಮೂಲ ಲೇಖಕರ ಮೊಮ್ಮಗ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ವೈದ್ಯೆ ಎಷ್ಟು ಬಡಕಲಾಗಿದ್ದರೆಂದರೆ ಪ್ರತಿಯ ಮೇಲೆ ಸಹಿ ಹಾಕುವಾಗ ಅವರ ಮೊಣಕೈಯನ್ನು ತಮ್ಮನೇ ಹಿಡಿದುಕೊಂಡಿದ್ದರು.

ಕಡತ ಮುಚ್ಚುವ ಮುನ್ನ ರೈಟರ್ ಒಂದು ಸಾಲಿನಲ್ಲಿ ತಡವರಿಸಿದರು. “ಕೃತ್ಯದ ಉದ್ದೇಶ ಅಂತ ಇದೆ ಮೇಡಂ. ಏನು ಬರೀಲಿ?”

“ಇದ್ದದ್ದು ಬರೀರಿ.”

ರೈಟರ್ ಒಂದು ಪದ ಬರೆದು, ಅದು ಸರ್ಕಾರಿ ಕಾಗದಕ್ಕೆ ಒಗ್ಗದೆಂದು ಹೊಡೆದುಹಾಕಿದರು. ನಂತರ ತಮ್ಮ ದುಂಡನೆಯ ಅಕ್ಷರಗಳಲ್ಲಿ ಹೀಗೆ ತುಂಬಿದರು: ‘ಆರೋಪಿಯು ಫಿರ್ಯಾದಿಯ ಖಾಸಾ ತಮ್ಮನಾಗಿದ್ದು, ಸದರಿ ಪುಸ್ತಕವನ್ನು ಪೂರ್ತಿ ಓದುವ ಧೈರ್ಯ ಸಾಲದೆ ಈ ಕೃತ್ಯ ಎಸಗಿರುತ್ತಾನೆ.’